ಅಂಕಮ್ಮನ ಸೊಲ್ಲು

ಚೆನ್ನೈ
12 ಜೂನ್ 2003

ಯಮುನಾ ಮೇಡಂ ಅವರಿಗೆ ಚಿತ್ತೇಶನ ನಮಸ್ಕಾರ.

ಮನೆಯ ವಿಳಾಸ ತಿಳಿಯದೆ ಕಾಲೇಜಿಗೇ ಬರೆಯುತ್ತಿದ್ದೇನೆ. ನಿಮ್ಮ ಕನ್ನಡ ಪೇಪರಿಗೆ ಎರಡು ಸಲ ಕೂತು ಪಾಸಾದ ಹುಳಿಯಾರು ಕಡೆಯ ಹುಡುಗ ಎಂದರೆ ನೆನಪಾಗಬಹುದು. ಮುದ್ದಕ್ಕನ ಮಗ ಎಂದರೆ ಇನ್ನೂ ಬೇಗ ನೆನಪಾಗುತ್ತೇನೆ. ನೀವು ಎಂ.ಎ. ಓದುವಾಗ ನಮ್ಮ ಹಟ್ಟಿಗೆ ಬಂದು ಅವ್ವನ ಹಾಡುಗಳನ್ನು ಬರೆದುಕೊಂಡು ಹೋಗಿದ್ದಿರಿ. ಆಗ ನನಗೆ ಏಳು ವರ್ಷವಂತೆ. ನಿಮ್ಮ ಕೊಡೆ ಮಾತ್ರ ನೆನಪಿದೆ.

ಒಂಬತ್ತು ವರ್ಷದಿಂದ ಇಲ್ಲಿ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿದ್ದೇನೆ. ಹಾಡುವವರ ದನಿಯನ್ನು ಹದ ಮಾಡುವುದು ನನ್ನ ಕೆಲಸ. ನಮ್ಮ ದೊಡ್ಡವ್ವ, ಅಂದರೆ ಅವ್ವನ ವಾರಗಿತ್ತಿ ಅಂಕಮ್ಮ, ಹೋದ ಜನವರಿಯಲ್ಲಿ ತೀರಿಕೊಂಡಳು. ಅವಳೂ ಅವ್ವನೂ ಜೊತೆಗೆ ಹಾಡುತ್ತಿದ್ದರು. ಅವ್ವನ ದನಿಯಾದರೂ ಉಳಿಯಲಿ ಎಂದು ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಎಂಟು ಹಾಡು ರೆಕಾರ್ಡ್ ಮಾಡಿಕೊಂಡು ಬಂದೆ. ಬೆಂಗಳೂರಿನ ಒಂದು ಕ್ಯಾಸೆಟ್ ಕಂಪನಿ ದೀಪಾವಳಿಗೆ ಹೊರತರುತ್ತೇನೆ ಎಂದಿದೆ.

ಆದರೆ ನಾನು ಹೊರಡುವಾಗ ಅವ್ವ ಒಂದು ಮಾತು ಹೇಳಿದ್ದಾಳೆ: "ನಾನು ಕೇಳಿ ಹ್ಞೂಂ ಅಂದ್ಮೇಲೆ ಆಚೆಗೆ ಬುಡು. ಅಲ್ಲೀಗಂಟ ಬ್ಯಾಡ ಕಣ್ಲಾ." ಅವಳ ಹ್ಞೂಂ ಇಲ್ಲದೆ ಇದು ಹೊರಗೆ ಬರುವುದಿಲ್ಲ. ಹಟ್ಟಿಯಲ್ಲಿ ಟೇಪ್ ರೆಕಾರ್ಡರ್ ಇರುವ ಮನೆಯಿಲ್ಲ. ನಾನು ಕ್ಯಾಸೆಟ್ ಕಳಿಸಿದರೆ ನೀವು ಒಂದು ಭಾನುವಾರ ಹೋಗಿ ಅವಳಿಗೆ ಕೇಳಿಸಿ ಬರಲು ಆಗುತ್ತದೆಯೇ? ಕ್ಯಾಸೆಟ್ಟಿನ ಹೊದಿಕೆಗೆ ಅರ್ಧ ಪುಟ ಪರಿಚಯವನ್ನೂ ನೀವೇ ಬರೆಯಬೇಕೆಂದು ಆಸೆ.

ಹೋದಾಗ ಇನ್ನೊಂದನ್ನು ಗಮನಿಸಿ. ಅವ್ವ ಮಾತಿನ ನಡುವೆ ಏನಾದರೂ ಮರೆತವಳ ಹಾಗೆ ನಿಲ್ಲುತ್ತಾಳೆಯೇ? ಯಾಕೆ ಕೇಳಿದೆ ಎಂದು ಆಮೇಲೆ ಹೇಳುತ್ತೇನೆ.

ಚಿತ್ತೇಶ


ತಿಪಟೂರು
21 ಜೂನ್ 2003

ಚಿತ್ತೇಶ,

ನಿನ್ನ ಅಕ್ಷರ ಇನ್ನೂ ಸುಧಾರಿಸಿಲ್ಲ. ಕಾಗದ ಮಾತ್ರ ಬಹಳ ಹೊತ್ತು ನನ್ನ ಜೊತೆ ಇತ್ತು. ಮಧ್ಯಾಹ್ನ ಕ್ಲಾಸು ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಒಂದು ಕವಿತೆ ಓದಿ ಮನೆಗೆ ಹೊರಡುವುದು ನನ್ನ ರೂಢಿ. ಅವತ್ತು ಕವಿತೆಯ ಬದಲು ನಿನ್ನ ಕಾಗದ ಎರಡು ಸಲ ಓದಿದೆ.

ಮನೆಗೆ ಬಂದು ನನ್ನ ಹಳೆಯ ಪ್ರಬಂಧವನ್ನು ಬೀರುವಿನಿಂದ ತೆಗೆದೆ. ನಿನ್ನವ್ವನ ಹಾಡುಗಳ ಬಗ್ಗೆ ಒಂದು ಇಡೀ ಅಧ್ಯಾಯವಿದೆ. ಅವರ ಹಾಡಿನ ತುಂಬ ಪ್ರಶ್ನೆಗಳು. "ಹೊತ್ತಾರೆ ಕುರಿಬಿಟ್ಟು ಹೋದೋನೆ ನನ್ನಣ್ಣ, ಬೈಗಾಗೆ ಬರುವ ಹಾದ್ಯಾವುದೋ" ಎಂದು ಕೇಳುತ್ತಾರೆ, ಉತ್ತರವಿಲ್ಲ. "ನೀರಡಿಸಿ ನಿಂತೋನ್ಗೆ ನೀರ್ಯಾರು ಕೊಟ್ಟಾರೋ" ಎನ್ನುತ್ತಾರೆ, ಅದಕ್ಕೂ ಉತ್ತರವಿಲ್ಲ. ಬಯಲಿನಲ್ಲಿ ಬದುಕುವವರು ಉತ್ತರಕ್ಕೆ ಕಾಯದೆ ಪ್ರಶ್ನೆಯನ್ನೇ ಹಾಡುತ್ತಾರೆ ಎಂದು ಬರೆದಿದ್ದೆ. ಪರೀಕ್ಷಕರು ಅದನ್ನು ಬಹಳ ಮೆಚ್ಚಿದ್ದರು. ನಿನ್ನ ಅರ್ಧ ಪುಟ ಆ ಅಧ್ಯಾಯದಿಂದಲೇ ಸಿಗುತ್ತದೆ.

ಕ್ಯಾಸೆಟ್ ಕಳಿಸು. ನನ್ನ ಹತ್ತಿರ ಬ್ಯಾಟರಿ ಹಾಕುವ ಟೇಪ್ ರೆಕಾರ್ಡರ್ ಇದೆ. ಹುಳಿಯಾರಿಗೆ ಬಸ್ಸಿದೆ, ಅಲ್ಲಿಂದ ಆಟೋ ಸಿಗುತ್ತದೆ. ದನಿಯನ್ನು ಹದ ಮಾಡುವುದು ಎಂದೆಯಲ್ಲ, ಏನು ಮಾಡುತ್ತೀಯ? ದನಿ ಎಂದರೆ ಇದ್ದ ಹಾಗೆ ಇರುವುದು ಎಂದು ನಾನು ತಿಳಿದಿದ್ದೆ.

ಯಮುನಾ


ಚೆನ್ನೈ
3 ಜುಲೈ 2003

ಮೇಡಂ,

ಈ ಕಾಗದದ ಜೊತೆ ಕ್ಯಾಸೆಟ್ ಇದೆ.

ನಿಮ್ಮ ಪ್ರಶ್ನೆಗೆ ಉತ್ತರ. ಮೊದಲು ಸ್ಟುಡಿಯೋಗಳಲ್ಲಿ ಗೋಡೆ ತುಂಬ ಪೆಟ್ಟಿಗೆಗಳಿದ್ದವು, ಒಂದೊಂದಕ್ಕೂ ಒಂದೊಂದು ಕೆಲಸ. ಈಗ ಆ ಪೆಟ್ಟಿಗೆಗಳೆಲ್ಲ ಕಂಪ್ಯೂಟರಿನೊಳಗೆ ಬಂದು ಕೂತಿವೆ. ಪ್ಲಗಿನ್ ಎನ್ನುತ್ತೇವೆ. ದನಿ ಒಂದರಿಂದ ಹೊರಬಂದು ಇನ್ನೊಂದರ ಒಳಗೆ ಹೋಗುತ್ತದೆ. ನಮ್ಮ ಹಟ್ಟಿಯ ಹಾಲಿನ ಹಾಗೆ ಅಂದುಕೊಳ್ಳಿ. ಒಬ್ಬಳು ಕರೆದದ್ದನ್ನು ಇನ್ನೊಬ್ಬಳು ಸೋಸುತ್ತಾಳೆ, ಮತ್ತೊಬ್ಬಳು ಕಾಯಿಸುತ್ತಾಳೆ, ಆರಿದ ಮೇಲೆ ಹೆಪ್ಪು ಬೀಳುತ್ತದೆ. ಸರದಿ ತಪ್ಪಿದರೆ ಕೆಟ್ಟಿತು.

ಅವ್ವನ ದನಿಗೆ ಐದು ಹಾಕಿದ್ದೇನೆ. ಮೊದಲನೆಯದು ಗೇಟು. ಇಷ್ಟಕ್ಕಿಂತ ಸಣ್ಣ ಸದ್ದು ಬಂದರೆ ಬಾಗಿಲು ಮುಚ್ಚು ಎಂದು ಅದಕ್ಕೆ ಹೇಳಿರುತ್ತೇವೆ. ಮೇಕೆ, ಗಾಳಿ, ಪಕ್ಕದ ಮನೆಯ ಹೊಂಬಾಳಮ್ಮನ ಕೆಮ್ಮು ಎಲ್ಲ ಹೊರಗೇ ನಿಂತವು. ಆಮೇಲೆ ದನಿಯ ದಪ್ಪ ತೆಳುವನ್ನು ತಿದ್ದುವ ಈಕ್ವಲೈಸರ್. ಅದರ ನಂತರ ಶ್ರುತಿ ಸರಿ ಮಾಡುವುದು, ಇದು ಹೊಸದಾಗಿ ಬಂದಿದೆ. ಅವ್ವ ಸಾಲಿನ ಕೊನೆಗೆ ಸ್ವಲ್ಪ ಕೆಳಗೆ ಜಾರುತ್ತಾಳೆ, ಅದನ್ನು ಎತ್ತಿ ನಿಲ್ಲಿಸಿದೆ. ಆಮೇಲೆ ಕಂಪ್ರೆಸರ್. ಜೋರಾದದ್ದನ್ನು ತಗ್ಗಿಸಿ ಮೆಲ್ಲಗಿರುವುದನ್ನು ಮೇಲೆತ್ತಿ ಒಂದೇ ಸಮ ಮಾಡುತ್ತದೆ. ಕೊನೆಗೆ ರಿವರ್ಬ್, ದೊಡ್ಡ ಕಲ್ಲುಮಂಟಪದಲ್ಲಿ ನಿಂತು ಹಾಡಿದ ಹಾಗೆ.

ಅಲ್ಲಲ್ಲಿ ಬೇಡದ್ದನ್ನು ಕತ್ತರಿಸಿದ್ದೇನೆ. ಕಂಪನಿಯವರು ಕೇಳಿ, ಹಳ್ಳಿಯ ಹೆಂಗಸು ಎಂದು ಗೊತ್ತೇ ಆಗುವುದಿಲ್ಲ ಎಂದರು. ಹೊಗಳಿಕೆಯೇ ಇರಬೇಕು.

ಅವ್ವ ಹ್ಞೂಂ ಎಂದ ದಿನವೇ ಒಂದು ಸಾಲು ಬರೆಯಿರಿ.

ಚಿತ್ತೇಶ


ತಿಪಟೂರು
20 ಜುಲೈ 2003

ಚಿತ್ತೇಶ,

ಹೋದ ಭಾನುವಾರ ಹೋಗಿ ಬಂದೆ. ನಿನ್ನವ್ವ ಎಂಟು ಹಾಡನ್ನೂ ಎದ್ದೇಳದೆ ಕೇಳಿದರು. ಪಕ್ಕದ ಹೊಂಬಾಳಮ್ಮನೂ ಬಂದಿದ್ದರು. ದನಿ ಬಹಳ ನುಣುಪಾಗಿದೆ ಎಂದು ಎಲ್ಲರಿಗೂ ಅನ್ನಿಸಿತು.

ನಿನ್ನವ್ವನಿಗೆ ಒಂದೇ ಕೊರತೆ. ಅಂಕಮ್ಮನಿಗೆ ಇದರಲ್ಲಿ ಜಾಗವಿಲ್ಲ ಎಂದರು. ಜೊತೆ ದನಿ ಇಲ್ಲದ್ದು ಅವರಿಗೆ ಬರಿದು ಅನ್ನಿಸಿರಬೇಕು. ಹ್ಞೂಂ ಎನ್ನಲು ಸ್ವಲ್ಪ ಸಮಯ ಕೇಳಿದ್ದಾರೆ. ನೀನು ಆತಂಕಪಡುವಂಥದ್ದು ಏನೂ ಇಲ್ಲ.

ಮರೆವಿನ ಬಗ್ಗೆ ಕೇಳಿದ್ದೆ. ಮೂವತ್ತೆರಡು ಮೇಕೆಗಳನ್ನು ಹೆಸರು ಹಿಡಿದು ಕೂಗಿ ಒಳಗೆ ಕೂಡಿದರು. ಎಂ.ಎ. ಓದುವಾಗ ಬಂದ ದಿನ ನಾನು ಯಾವ ಬಣ್ಣದ ಸೀರೆ ಉಟ್ಟಿದ್ದೆ ಎಂದು ಅವರೇ ನನಗೆ ಹೇಳಿದರು. ಮರೆವು ನನಗೆ.

ಅರ್ಧ ಪುಟ ಸಿದ್ಧವಿದೆ. ಅವರ ಒಪ್ಪಿಗೆ ಬಂದ ಮೇಲೆ ಕಳಿಸುತ್ತೇನೆ.

ಯಮುನಾ


ಚೆನ್ನೈ
9 ಆಗಸ್ಟ್ 2003

ಮೇಡಂ,

ನಿಮ್ಮ ಕಾಗದದಿಂದ ಎರಡು ಭಾರ ಇಳಿದವು.

ಮೊದಲನೆಯದನ್ನು ಈಗ ಹೇಳುತ್ತೇನೆ. ರೆಕಾರ್ಡ್ ಮಾಡುವಾಗ ಅವ್ವ ಪ್ರತಿ ಎರಡು ಸಾಲಿಗೊಮ್ಮೆ ಏಳೆಂಟು ಸೆಕೆಂಡು ಸುಮ್ಮನಾಗುತ್ತಿದ್ದಳು. ಮುಂದಿನ ಸಾಲು ಮರೆತು ಹುಡುಕುತ್ತಿದ್ದಾಳೆ ಎಂದುಕೊಂಡೆ. ನನ್ನ ಕಣ್ಣೆದುರೇ ಅವಳು ಖಾಲಿಯಾಗುತ್ತಿದ್ದಾಳೆ ಅನ್ನಿಸಿತು. ಯಾರಿಗೂ ಹೇಳಲಿಲ್ಲ. ಇಲ್ಲಿ ಬಂದು ಆ ಖಾಲಿಗಳನ್ನೆಲ್ಲ ಕತ್ತರಿಸಿ ಎಸೆದೆ. ಗೇಟು ಹಾಕಿದ ಮೇಲೆ ಅಲ್ಲಿ ಏನೂ ಇರಲಿಲ್ಲ, ಕತ್ತರಿಸುವುದು ಸುಲಭವಾಯಿತು. ನಲವತ್ತು ನಿಮಿಷದ ಹಾಡು ಇಪ್ಪತ್ತೈದಕ್ಕೆ ಬಂತು. ಮರೆವಲ್ಲ ಎಂದು ನೀವು ಬರೆದದ್ದು ಓದಿ ಸ್ಟುಡಿಯೋದ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಎರಡನೆಯದು, ಅವ್ವ ಏನು ಬಯಸುತ್ತಿದ್ದಾಳೆ ಎಂದು ತಿಳಿಯಿತು. ಅವಳಿಗೆ ದೊಡ್ಡವ್ವ ಬೇಕು. ಸರಿ, ಮಾಡಿದೆ. ಖಾಲಿ ಜಾಗಗಳನ್ನೆಲ್ಲ ವಾಪಸ್ ತಂದೆ. ಅವ್ವನ ಸಾಲನ್ನೇ ಇನ್ನೊಂದು ಟ್ರ್ಯಾಕಿಗೆ ನಕಲು ಮಾಡಿ ಆ ಜಾಗದಲ್ಲಿ ಕೂರಿಸಿದೆ. ಶ್ರುತಿ ಇಳಿಸುವ ಪ್ಲಗಿನ್ ಒಂದು, ಗಂಟಲನ್ನು ದಪ್ಪ ಮಾಡುವುದು ಇನ್ನೊಂದು, ಎಡಗಡೆಗೆ ಸ್ವಲ್ಪ ದೂರ ಕೂತ ಹಾಗೆ ಕೇಳಿಸಲು ಮತ್ತೊಂದು. ದೊಡ್ಡವ್ವನ ದನಿ ದಪ್ಪವಿತ್ತು, ನಿಮಗೆ ಗೊತ್ತಿರಬಹುದು. ಒಬ್ಬಳು ಹಾಡಿದ್ದನ್ನು ಇನ್ನೊಬ್ಬಳು ಮತ್ತೆ ಹಾಡುವುದು, ಸೊಲ್ಲು ಎತ್ತುವುದು ಎನ್ನುತ್ತಿದ್ದರು. ಹತ್ತು ವರ್ಷಕ್ಕೆ ತಿಪಟೂರಿನ ಹಾಸ್ಟೆಲಿಗೆ ಬಂದವನು ನಾನು, ನನಗೆ ಅಷ್ಟು ನೆನಪಿದೆ.

ನನ್ನನ್ನು ಎತ್ತಿ ಆಡಿಸಿದವಳು ದೊಡ್ಡವ್ವ. ಅವಳಿಗೆ ಮಕ್ಕಳಿರಲಿಲ್ಲ. ಮುಗಿಸಿ ಕಣ್ಣು ಮುಚ್ಚಿ ಕೇಳಿದೆ. ಅವಳೇ ಅಂದುಕೊಳ್ಳುವ ಹಾಗಿದೆ.

ಹೊಸ ಕ್ಯಾಸೆಟ್ ಕಳಿಸುತ್ತಿದ್ದೇನೆ. ಸೆಪ್ಟೆಂಬರ್ ಕೊನೆಗೆ ಕಂಪನಿಗೆ ಕೊಡಬೇಕು.

ಚಿತ್ತೇಶ


ತಿಪಟೂರು
24 ಆಗಸ್ಟ್ 2003

ಚಿತ್ತೇಶ,

ಇದನ್ನು ಬರೆಯಲು ನಾಲ್ಕು ದಿನ ಹಿಡಿಯಿತು. ಹೋದ ಕಾಗದದಲ್ಲಿ ನಾನು ನಿನಗೆ ನಿಜವನ್ನು ಪೂರ್ತಿ ಬರೆಯಲಿಲ್ಲ. ಅದರಿಂದಲೇ ನೀನು ಇದನ್ನು ಮಾಡಿದೆ. ಆದ್ದರಿಂದ ಎರಡೂ ಭೇಟಿಯನ್ನು ನಡೆದ ಹಾಗೆ ಬರೆಯುತ್ತೇನೆ.

ಜುಲೈನಲ್ಲಿ ಮೊದಲ ಹಾಡು ಮುಗಿದಾಗ ನಿನ್ನವ್ವ ಕೇಳಿದರು, "ಇವ್ಳ್ಯಾರು ಕಣವ್ವ, ಯಾವೂರೋಳು?" ಹೊಂಬಾಳಮ್ಮ ನಕ್ಕು, "ನೀನೇ ಕಣೇ ಮುದ್ದಿ, ನಿನ್ ಮಗ ಸ್ನಾನ ಮಾಡ್ಸವ್ನೆ" ಎಂದರು. ನಿನ್ನವ್ವ ನಗಲಿಲ್ಲ. "ಎಲ್ಲೂ ಉಸಿರೇ ತಗಳಲ್ಲವಲ್ಲ ಇವ್ಳು. ಯಾರೋ ಅಟ್ಟಿಸ್ಕಂಡ್ ಬಂದಂಗೆ ಹಾಡ್ತಾಳೆ. ಅಂಕಮ್ಮಂಗೆ ಜಾಗ ಎಲ್ಲೈತೆ?" ಎಂದರು. ಹ್ಞೂಂ ಎನ್ನಲು ಸಮಯ ಕೇಳಿದರು ಎಂದು ಬರೆದೆನಲ್ಲ, ಅವರು ಕೇಳಿರಲಿಲ್ಲ. ಬೇಡ ಎಂದರು. ನಿನ್ನ ಮನಸ್ಸು ನೋಯಬಾರದೆಂದು ಮೃದು ಮಾಡಿದೆ. ನಿನ್ನ ಹಾಗೆ ನಾನೂ ಒಂದು ಪ್ಲಗಿನ್ ಹಾಕಿದೆ ಎನ್ನು.

ಹೋದ ಭಾನುವಾರ ಎರಡನೆಯ ಕ್ಯಾಸೆಟ್ ಹಾಕಿದೆ. ನಿನ್ನ ದಪ್ಪ ದನಿ ಬಂದಾಗ ಅವರು ಮೊದಲು ಎಡಕ್ಕೆ ತಿರುಗಿ ನೋಡಿದರು. ಅಲ್ಲಿ ಗೋಡೆಯಿತ್ತು. ಮೂರು ಸಲ ಆದ ಮೇಲೆ ಟೇಪ್ ನಿಲ್ಲಿಸು ಎಂದು ಕೈ ಮಾಡಿದರು.

"ಮೇಡಮ್ಮೋರೆ, ಹಾದಿ ಯಾವ್ದು ಅಂತ ನಾನು ಕೇಳ್ತೀನಿ. ಅವ್ಳೂ ಅದ್ನೇ ಕೇಳ್ತಾಳೆ. ಇಬ್ರೂ ಕೇಳ್ಕಂಡು ನಿಂತ್ರೆ ಹೇಳೋರ್ಯಾರು?"

ನನಗೆ ಅರ್ಥವಾಗಲಿಲ್ಲ. ಹಾಡೇ ಹಾಗಲ್ಲವೇ ಎಂದೆ.

"ಹಂಗಲ್ಲ ಕಣವ್ವ. ಕೇಳಾದು ನನ್ ಸೊಲ್ಲು. ಹೇಳಾದು ಅಂಕಮ್ಮಂದು. ಅವ್ಳು ಯಾವತ್ತೂ ನಾನಂದಿದ್ದನ್ನ ಅಂದೋಳಲ್ಲ. ಇವ್ನು ಅವ್ಳ ಗಂಟ್ಲಿಗೆ ನನ್ ಮಾತು ತುರುಕವ್ನೆ."

ಅವಳು ಹೇಳುತ್ತಿದ್ದದ್ದು ಏನು ಎಂದು ಕೇಳಿದೆ. "ಅದು ನಂದಲ್ಲ" ಎಂದು ಎದ್ದು ಮೇಕೆಗಳ ಕಡೆ ಹೋದರು.

ಚಿತ್ತೇಶ, ನಿನ್ನ ತಪ್ಪಿಗಿಂತ ನನ್ನದು ಇಪ್ಪತ್ತೈದು ವರ್ಷ ಹಳೆಯದು. ನಾನು ಬಂದಾಗ ಅಂಕಮ್ಮ ಹಟ್ಟಿಯಲ್ಲಿರಲಿಲ್ಲ. ತಂಗಿಯ ಬಾಣಂತನಕ್ಕೆ ಕೆಂಕೆರೆಗೆ ಹೋಗಿದ್ದರು. ನಿನ್ನವ್ವ ಒಬ್ಬರೇ ಹಾಡಿದರು, ನಡುನಡುವೆ ನಿಲ್ಲಿಸಿದರು, ಆ ಬಿಡುವಿನಲ್ಲಿ ನಾನು ಹಿಂದಿನ ಸಾಲು ಬರೆದು ಮುಗಿಸುತ್ತಿದ್ದೆ. ನನಗೆ ಅನುಕೂಲವಾಗಲೆಂದು ನಿಲ್ಲಿಸುತ್ತಿದ್ದಾರೆ ಎಂದು ತಿಳಿದಿದ್ದೆ. "ಎರಡು ದಿನ ಬಿಟ್ಟು ಬಾರವ್ವ, ಅಂಕಮ್ಮ ಬತ್ತಾಳೆ" ಎಂದಿದ್ದರು. ಟೈಪಿಸ್ಟಿಗೆ ಕೊಡುವ ದಿನ ಹತ್ತಿರವಾಗಿತ್ತು. ನಾನು ಹೋಗಲಿಲ್ಲ. ಅರ್ಧ ಹಾಡನ್ನು ಬರೆದುಕೊಂಡು, ಉತ್ತರವಿಲ್ಲದ ಪ್ರಶ್ನೆಗಳು ಎಂದು ಅಧ್ಯಾಯ ಬರೆದೆ. ಸಾಲು ಮುರಿದ ಮೇಲಿನ ಬಿಳಿ ಜಾಗವನ್ನೂ ಓದಿ ಎಂದು ಕವಿತೆಯ ಪಾಠದಲ್ಲಿ ಹುಡುಗರಿಗೆ ಹೇಳುತ್ತ ಬಂದವಳು ನಾನು.

ಅರ್ಧ ಪುಟವನ್ನು ಹರಿದು ಹಾಕಿದ್ದೇನೆ.

ಯಮುನಾ


ಚೆನ್ನೈ
2 ಸೆಪ್ಟೆಂಬರ್ 2003

ಮೇಡಂ,

ಕಾಗದ ತಲುಪಿತು. ಜುಲೈನಲ್ಲೇ ಬೇಡ ಎಂದಿದ್ದಾಳೆ ಎಂದು ಬರೆದಿದ್ದರೆ ನಾನು ದೊಡ್ಡವ್ವನ ಗೊಂಬೆ ಮಾಡಿ ಅವ್ವನ ಮುಂದೆ ಇಡುತ್ತಿರಲಿಲ್ಲ. ಅವಳು ಗೋಡೆಯ ಕಡೆ ತಿರುಗಿ ನೋಡಿದಳು ಎಂದು ಬರೆದಿದ್ದೀರಿ. ಅದನ್ನು ಓದಿದ ಮೇಲೆ ಕೆಲಸಕ್ಕೆ ಕೈ ಹೋಗುತ್ತಿಲ್ಲ.

ಸದ್ಯಕ್ಕೆ ಇದನ್ನು ಇಲ್ಲಿಗೇ ನಿಲ್ಲಿಸೋಣ.

ಚಿತ್ತೇಶ


ಚೆನ್ನೈ
28 ಸೆಪ್ಟೆಂಬರ್ 2003

ಮೇಡಂ,

ಹೋದ ಕಾಗದದ ದನಿ ಒರಟಾಗಿತ್ತು. ಕ್ಷಮಿಸಿ. ಬರೆಯಬೇಕಾದದ್ದನ್ನು ಬರೆಯದೆ ಬಿಟ್ಟವನು ನಾನೂ. ಅದನ್ನು ಕೊನೆಗೆ ಹೇಳುತ್ತೇನೆ.

ಕಂಪನಿಗೆ ಕೊಡುವುದಿಲ್ಲ ಎಂದು ಫೋನು ಮಾಡಿ ಹೇಳುವ ಮೊದಲು ಒಂದು ಸಲ ಎಲ್ಲ ಬಿಚ್ಚಿ ನೋಡೋಣ ಎಂದು ಕೂತೆ. ಮೂಲ ರೆಕಾರ್ಡಿಂಗ್ ಹಾಗೇ ಇದೆ, ಪ್ಲಗಿನ್‌ಗಳು ಅದನ್ನು ಮುಟ್ಟುವುದಿಲ್ಲ, ಮೇಲಿನಿಂದ ಕೂರುತ್ತವೆ ಅಷ್ಟೇ. ದೊಡ್ಡವ್ವನ ಟ್ರ್ಯಾಕನ್ನು ಅಳಿಸಿದೆ. ರಿವರ್ಬ್ ತೆಗೆದೆ, ಅವ್ವ ಮಂಟಪದಿಂದ ಇಳಿದು ನಮ್ಮ ಮನೆಯ ಪಡಸಾಲೆಗೆ ಬಂದಳು. ಶ್ರುತಿಯದನ್ನು ತೆಗೆದೆ. ಸಾಲಿನ ಕೊನೆಗೆ ಅವಳ ದನಿ ಕೆಳಗೆ ಜಾರಿತು. ಈಗ ಕೇಳಿದರೆ ಜಾರುವುದಲ್ಲ ಅದು. ಇನ್ನೊಬ್ಬರ ಕೈಗೆ ಕೊಡುವವರು ಬಾಗುತ್ತಾರಲ್ಲ, ಹಾಗೆ.

ಆಮೇಲೆ ಗೇಟು ತೆಗೆದೆ. ಕಂಪ್ರೆಸರ್ ತೆಗೆಯುವುದನ್ನು ಮರೆತಿದ್ದೆ. ಮೆಲ್ಲಗಿರುವುದನ್ನು ಮೇಲೆತ್ತುತ್ತದೆ ಎಂದು ಬರೆದಿದ್ದೆನಲ್ಲ, ಬಾಗಿಲು ತೆರೆದದ್ದೇ ತಡ, ಅಲ್ಲಿ ಇದ್ದದ್ದನ್ನೆಲ್ಲ ಅದು ಎತ್ತಿ ಕೊಟ್ಟಿತು. ಮೇಕೆಯ ಮೇಲೆ ಮೇಕೆ. ಹೊಂಬಾಳಮ್ಮನ ಕೆಮ್ಮು. ಮತ್ತೆ ಎರಡನೆಯ ಹಾಡಿನ ಬಿಡುವಿನಲ್ಲಿ ಏನೋ ಸಣ್ಣದು. ಉಸಿರು ಅಂದುಕೊಂಡೆ. ಹೆಚ್ಚು ಮಾಡಿ ಕೇಳಿದೆ. ಅವ್ವನ ದನಿ, ಮೈಕಿನಿಂದ ಮುಖ ತಿರುಗಿಸಿ ಹೇಳಿದ್ದು: "ಅನ್ನಪ್ಪ."

ಮೂರನೆಯದರಲ್ಲಿಯೂ ಇದೆ. "ಹ್ಞೂಂ, ಅನ್ನು." ಐದರಲ್ಲಿ ಎರಡು ಕಡೆ ಇದೆ. ಆರನೆಯದರಿಂದ ಮುಂದೆ ಇಲ್ಲ. ಅಲ್ಲಿ ಬರೀ ಬಿಡುವು.

ಅವತ್ತು ಹೆಡ್‌ಫೋನಿನಲ್ಲಿ ನನಗೆ ಇದು ಕೇಳಿಸಿರಲೇಬೇಕು. ಕರೆಂಟು ಹೋಗಿ ಬಂದು ಮಾಡುತ್ತಿತ್ತು, ನನ್ನ ಕಣ್ಣು ಮೀಟರಿನ ಮುಳ್ಳಿನ ಮೇಲಿತ್ತು. ಅವಳು ಯಾರಿಗೆ ಹೇಳುತ್ತಿದ್ದಳು? ಪಡಸಾಲೆಯಲ್ಲಿ ನಾನೊಬ್ಬನೇ ಇದ್ದೆ. ಹೊಂಬಾಳಮ್ಮ ಹೊರಗೆ ಜಗಲಿಯ ಮೇಲಿದ್ದಳು. ದಯವಿಟ್ಟು ಅವ್ವನನ್ನು ಕೇಳಿ. ಈ ಸಲ ಅವಳು ಏನು ಹೇಳಿದರೂ ಹಾಗೇ ಬರೆಯಿರಿ.

ಕೊನೆಗೆ ಹೇಳುತ್ತೇನೆ ಎಂದದ್ದು ಇದು. ಡಿಸೆಂಬರಿನಲ್ಲಿ ದೊಡ್ಡವ್ವ ಹಾಸಿಗೆ ಹಿಡಿದಾಗ ಬಾ ಎಂದು ಎರಡು ಸಲ ಹೇಳಿ ಕಳಿಸಿದ್ದಳು. ಒಂದು ಸಿನಿಮಾದ ಕೆಲಸ ಮುಗಿಯಲಿ ಎಂದೆ. ಮುಗಿಯುವ ಹೊತ್ತಿಗೆ ಅವಳ ಮಣ್ಣೂ ಮುಗಿದಿತ್ತು.

ಚಿತ್ತೇಶ


ಹಟ್ಟಿಯಿಂದ
12 ಅಕ್ಟೋಬರ್ 2003

ಚಿತ್ತೇಶ, ಇದು ನಿನ್ನವ್ವ ಹೇಳಿ ಬರೆಸಿದ್ದು. ಒಂದು ಮಾತನ್ನೂ ತಿದ್ದಿಲ್ಲ. ಯಮುನಾ.

ಲೇ ಚಿತ್ತಿ,

ಮೇಡಮ್ಮ ಬರ್ಕತಾ ಕೂತವ್ರೆ. ಬಿರ್ರನೆ ಹೇಳ್ಬೇಡ ಅಂತವ್ರೆ, ಅದ್ಕೆ ನಿಧಾನ್ವಾಗಿ ಹೇಳ್ತೀನಿ. ಹೊಂಬಾಳಿನೂ ಇಲ್ಲೇ ಅವ್ಳೆ. ನನ್ ಕೆಮ್ಮು ತೆಗ್ದಾಕಿದ್ನಂತಲ್ಲ ನಿನ್ ಮಗ ಅಂತ ಬೈತಾವ್ಳೆ.

ಅನ್ನಪ್ಪ ಅಂದಿದ್ದು ಯಾರಿಗೆ ಅಂತ ಕೇಳಿದ್ಯಂತೆ. ನಿನ್ಗೇ ಕಣ್ಲಾ. ಇನ್ಯಾರಿಗೆ ಅಂದೇನು, ಮೇಕೆಗಾ?

ನಿನ್ ದೊಡ್ಡವ್ವ ಹಾಸ್ಗೆ ಹಿಡ್ದಾಗ ಅವ್ಳ ಸೊಲ್ಲೆಲ್ಲ ಯಾರ್ಗೆ ಕೊಡಾದು ಅನ್ನಾದೇ ಅವ್ಳಿಗೆ ಯೋಚ್ನೆ. ನಮ್ಮತ್ತೇರ ಕಾಲ್ದಿಂದ್ಲೂ ಹಂಗೇ ಐತೆ. ಕೇಳಾ ಸೊಲ್ಲು ಒಬ್ರುದು, ಹೇಳಾ ಸೊಲ್ಲು ಒಬ್ರುದು. ಒಬ್ರುದ್ನ ಇನ್ನೊಬ್ರು ಹಾಡಂಗಿಲ್ಲ. ಹೋಗಾ ಮುಂಚೆ ಯಾರ್ಗಾದ್ರೂ ಒಪ್ಪಿಸ್ಬೇಕು. ಅವ್ಳ್ಗೆ ಹೆಣ್ಣಿಲ್ಲ, ನನ್ಗೂ ಹೆಣ್ಣಿಲ್ಲ. ಚಿತ್ತಿಗೆ ಕೊಡ್ತೀನಿ ಅಂದ್ಲು. ಗಂಡುಡ್ಗ ಹಾಡ್ತಾನೇನೇ ಅಂದೆ. ಸಣ್ಣೋನಿದ್ದಾಗ ನನ್ ಬೆನ್ಮೇಲೆ ಕೂತ್ಕಂಡು ನನ್ಗಿಂತ ಮೊದ್ಲು ಅಂತಿದ್ದ, ಎಲ್ಲೋಯ್ತದೆ ಅಂದ್ಲು.

ನೀನು ಬರ್ಲಿಲ್ಲ. ಬೈಯಾಕೆ ಹೇಳ್ತಿಲ್ಲ, ಆಗಿದ್ದಾಯ್ತು. ನಾಕು ದಿನ ನನ್ನ ಕೂರಿಸ್ಕಂಡು ಒಂದೊಂದೇ ಒಪ್ಪಿಸಿದ್ಲು. ಹಾಡಾಕಲ್ಲ, ಇಟ್ಕಳಾಕೆ. ಅವ್ನು ಬಂದ್ರೆ ಕೊಡು ಅಂದ್ಲು.

ನೀನು ಬಂದೆ. ಮಿಷನ್ನು ತಗಂಡು ಬಂದೆ. ಹಾಡು ಅವ್ವ ಅಂದೆ. ನಾನಂದ್ಕಂಡೆ, ಸರಿ, ಕೇಳ್ತಾನೆ, ನೆಪ್ಪಿದ್ರೆ ತಾನೇ ಅಂತಾನೆ, ಇಲ್ದಿದ್ರೆ ಮುಂದೇನವ್ವ ಅಂತ ಕೇಳ್ತಾನೆ. ಒಂದೊಂದು ಸೊಲ್ಲಿಗೂ ನಿಲ್ಸ್ದೆ. ನೀನು ಕಿವಿಗೆ ಚಿಪ್ಪು ಹಾಕ್ಕಂಡು ಆ ಮುಳ್ಳು ನೋಡ್ಕಂಡು ಕೂತಿದ್ದೆ. ಅನ್ನಪ್ಪ ಅಂದೆ. ಬೆರಳೆತ್ತಿ ಸುಮ್ಕಿರು ಅಂದೆ ನೀನು. ಆಮೇಕೆ ನಾನೂ ಅನ್ನಾದ್ನ ಬುಟ್ಟೆ. ನಿಲ್ಸಾದ್ನ ಮಾತ್ರ ಬುಡ್ಲಿಲ್ಲ.

ಕ್ಯಾಸೆಟ್ಟಿಗೆ ಹ್ಞೂಂ ಅನ್ನು ಅಂತೀಯ. ಅರ್ಧಕ್ಕೆ ಯಾವ ಬಾಯಲ್ಲಿ ಹ್ಞೂಂ ಅನ್ಲಿ? ಇನ್ನರ್ಧ ನನ್ ಹತ್ರ ಐತೆ, ಅದು ನಂದಲ್ಲ. ನನ್ಗೂ ಎಪ್ಪತ್ತು ಹತ್ರ ಬಂತು. ಮೇಕೆ ಹೆಸ್ರು ಮರ್ತ್ರೆ ಮೇಕೆ ಬತ್ತದೆ, ಇದು ಮರ್ತ್ರೆ ಬರಲ್ಲ.

ಮೇಡಮ್ಮ ಮೊನ್ನೆ ನನ್ಗೆ ಹೇಳ್ಕೊಡಿ, ಬರ್ಕತೀನಿ ಅಂದ್ರು. ನಿಮ್ಗಲ್ಲ ಕಣವ್ವ ಅಂದೆ. ಬೇಜಾರು ಮಾಡ್ಕಂಡ್ರೇನೋ, ಕಾಣೆ. ಇದ್ನೂ ಬರೀರಿ ಅಂದೆ, ಬರೀತಾವ್ರೆ.

ಬರಾದಾದ್ರೆ ಬಾ. ಹತ್ತು ದಿನ ಇರಂಗೆ ಬಾ. ಒಂದಿನ ಬಂದು ಒಂದಿನ ಹೋಗಾದಾದ್ರೆ ಬರ್ಬ್ಯಾಡ.

ಮುದ್ದಕ್ಕನ ಹೆಬ್ಬೆಟ್ಟು


ಹಟ್ಟಿಯಿಂದ
2 ನವೆಂಬರ್ 2003

ಮೇಡಂ,

ಬಂದು ಆರು ದಿನವಾಯಿತು. ಕಂಪನಿಯವರಿಗೆ ಕೊಡುವುದಿಲ್ಲ ಎಂದು ಸೆಪ್ಟೆಂಬರ್ ಕೊನೆಗೇ ಹೇಳಿದೆ. ಮುಂದಿನ ವರ್ಷ ನೋಡೋಣ ಎಂದರು, ನೋಡುವುದಿಲ್ಲ ಎಂದು ಅವರ ದನಿಯಲ್ಲೇ ಗೊತ್ತಾಯಿತು. ಸ್ಟುಡಿಯೋದಲ್ಲಿ ಹತ್ತು ದಿನ ರಜೆ ಕೊಡಲು ಬಹಳ ಮುಖ ಸಿಂಡರಿಸಿದರು.

ಬೆಳಿಗ್ಗೆ ಮೇಕೆ ಬಿಟ್ಟ ಮೇಲೆ ಕೂರುತ್ತೇವೆ. ಅವ್ವ ಅವಳ ಸಾಲು ಹಾಡುತ್ತಾಳೆ, ಆಮೇಲೆ ದೊಡ್ಡವ್ವನದನ್ನು ಮಾತಿನಲ್ಲಿ ಹೇಳುತ್ತಾಳೆ. ರಾಗದಲ್ಲಿ ಹೇಳುವುದಿಲ್ಲ. ರಾಗವನ್ನು ನಾನೇ ಹುಡುಕಿಕೊಳ್ಳಬೇಕಂತೆ. ಮೊದಲ ಎರಡು ದಿನ ಬಾಯಿಂದ ಏನೂ ಬರಲಿಲ್ಲ. ಮೂರನೆಯ ದಿನ, "ಹಾದ್ಯಾವುದೋ" ಎಂದು ಅವಳು ನಿಲ್ಲಿಸಿದಾಗ, ಅವಳು ಹೇಳಿಕೊಡುವ ಮೊದಲೇ ನನ್ನ ಗಂಟಲಿಗೆ ಬಂತು:

ಹಾಲಕ್ಕಿ ಕೂಗೋ ಬೇಲೀಯ ಬಲಕಿಟ್ಟು
ಬತ್ತಿದ ಹಳ್ಳ ದಾಟಿ ಬಾರೋ

ಎಲ್ಲಿತ್ತೋ ಗೊತ್ತಿಲ್ಲ. ಅವ್ವ ತಲೆ ಎತ್ತಲಿಲ್ಲ, ಮುಂದಿನ ಪ್ರಶ್ನೆಗೆ ಹೋದಳು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಇದನ್ನು ನಿಮಗೆ ಬರೆಯಲೇ ಎಂದು ಅವ್ವನನ್ನು ಕೇಳಿದೆ. "ಈಗ ಅದು ನಿಂದು. ಕೊಡಾದು ಬುಡಾದು ನಿನ್ನಿಷ್ಟ" ಎಂದಳು. ಆದ್ದರಿಂದ ಇದು ನಾನು ನಿಮಗೆ ಕೊಟ್ಟದ್ದು. ಉಳಿದವನ್ನು ಕಲಿತಂತೆ ಕೊಡುತ್ತೇನೆ. ನಿಮ್ಮ ಅಧ್ಯಾಯದ ಪಕ್ಕದಲ್ಲಿ ಅಂಚಿರಬೇಕಲ್ಲ, ಅಲ್ಲಿ ಬರೆದುಕೊಳ್ಳಿ. ಅಂಕಮ್ಮ ಎಂದು ಹೆಸರು ಹಾಕಿ.

ಮೈಕುಗಳನ್ನೂ ತಂದಿದ್ದೇನೆ, ಎರಡು. ಮೊನ್ನೆ ಒಂದು ಹಾಡು ಹಿಡಿದು ಅವ್ವನಿಗೆ ಕೇಳಿಸಿದೆ. ಎರಡೂ ಟ್ರ್ಯಾಕಿಗೆ ಏನನ್ನೂ ಹಾಕಿರಲಿಲ್ಲ. ನನ್ನದು ಕೇಳುವ ಹಾಗಿಲ್ಲ ಎಂದು ನನಗೇ ಗೊತ್ತು. ನನ್ನದಕ್ಕಾದರೂ ಸ್ವಲ್ಪ ಶ್ರುತಿ ಸರಿ ಮಾಡಲೇ ಎಂದು ಕೇಳಿದೆ.

"ಶ್ರುತಿ ಇರ್ಲಿ ಬುಡು," ಅಂದಳು. "ನಿನ್ ದೊಡ್ಡವ್ವ ದಾರಿ ಹೇಳಿದ್ರೆ ಕೇಳ್ದೋನು ಎದ್ದು ನಡ್ಕಂಡು ಹೋಗಂಗಿರಾದು. ನೀನು ಹೇಳಿದ್ರೆ ಬಸ್ಸಿಗೆ ಕಾಯ್ಬೇಕು."

ಹೊಂಬಾಳಮ್ಮ ನಗುತ್ತ ನಗುತ್ತ ಕೆಮ್ಮಿದಳು. ಅದೂ ರೆಕಾರ್ಡ್ ಆಗಿದೆ.

ಹ್ಞೂಂ ಎಂದಿಲ್ಲ ಅವ್ವ ಇನ್ನೂ. ನಾಳೆ ನೀರಡಿಸಿ ನಿಂತವನ ಹಾಡು ಹಿಡಿಯೋಣ ಎಂದಿದ್ದಾಳೆ. ರಜೆ ನಾಲ್ಕು ದಿನ ಉಳಿದಿದೆ, ಬೇಕಾದರೆ ಇನ್ನೂ ಕೇಳುತ್ತೇನೆ.

ಚಿತ್ತೇಶ